ಮರ ಎಣಿಸುವ ಕಾನೂನು, ಮರ ವಿರಳವಾದ ಕಾಡು

ನೀಲಗಿರಿಯ ಗೂಡಲೂರು ಭಾಗದ ಮರಕಡಿತವನ್ನು ಪ್ರಶ್ನಿಸಿ ಟಿ. ಎನ್. ಗೋದವರ್ಮನ್ ತಿರುಮುಲ್ಪಾಡ್ 1995ರಲ್ಲಿ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ನೀಡಿದ ಆದೇಶವು, ಉಷ್ಣವಲಯದ ಕಾಡುಗಳನ್ನು ದಿಮ್ಮಿ ವ್ಯಾಪಾರದಿಂದ ಉಳಿಸಿದ ಕ್ರಮಗಳಲ್ಲಿ ಬಹುಶಃ ಎಲ್ಲಕ್ಕಿಂತ ಬಲವಾದುದು. ಕೇಂದ್ರದ ಒಪ್ಪಿಗೆಯಿಲ್ಲದೆ ಅರಣ್ಯಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಳಸಬಾರದೆನ್ನುವ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯು, ಒಡೆತನ ಯಾರದೇ ಇದ್ದರೂ, ನಿಘಂಟಿನ ಅರ್ಥದಲ್ಲಿ ಕಾಡೆನಿಸುವ ಎಲ್ಲ ನೆಲಕ್ಕೂ ಅನ್ವಯಿಸುತ್ತದೆಂದು ಅದು ಸಾರಿತು. ಅರುಣಾಚಲದ ತಿರಪ್, ಚಾಂಗ್ಲಾಂಗ್ ಜಿಲ್ಲೆಗಳ ನಿತ್ಯಹರಿದ್ವರ್ಣ ಕಾಡಿನಲ್ಲಿ ಕೊಡಲಿಗೆ ಪೂರ್ಣ ತಡೆ ಬಿತ್ತು. ಈಶಾನ್ಯದಿಂದ ಹೊರಗೆ ಮರ ಸಾಗಿಸುವುದೂ ನಿಷಿದ್ಧವಾಯಿತು.

ಆದರೆ ಆದೇಶದ ವಿಶಾಲ ಅರ್ಥವನ್ನು ಜಾರಿಗೆ ತಂದವರ ಅಳತೆಗೋಲು ಮಾತ್ರ ಮಲೆನಾಡಿನದಾಗಿಯೇ ಉಳಿಯಿತು. ಅಧಿಸೂಚನೆಯಾಗದಿದ್ದರೂ ಕಾಡಿನ ಲಕ್ಷಣವಿರುವ ನೆಲವನ್ನು, ಅಂದರೆ ಪರಿಭಾವಿತ ಅರಣ್ಯವನ್ನು, ಗುರುತಿಸುವಾಗ ಇಷ್ಟು ಜಾಗದಲ್ಲಿ ಇಷ್ಟು ಮರಗಳಿರಬೇಕೆಂಬ ಎಣಿಕೆಯೇ ಮುಖ್ಯವಾಯಿತು. ಕರ್ನಾಟಕದಲ್ಲಿ ಮೊದಲು ಸುಮಾರು 9.94 ಲಕ್ಷ ಹೆಕ್ಟೇರ್ ಇದ್ದ ಈ ಪಟ್ಟಿ 2022ರಲ್ಲಿ 3.30 ಲಕ್ಷಕ್ಕೆ ಇಳಿಯಿತು. ಕೃಷಿಕರ ಹಾಗೂ ವಸತಿಯ ನೆಲವನ್ನು ಕೈಬಿಟ್ಟದ್ದು ನ್ಯಾಯವೇ. ಉಳಿದದ್ದನ್ನು ಯಾವ ಕಣ್ಣಿನಿಂದ ನೋಡಲಾಯಿತು ಎಂಬುದು ಬೇರೆಯೇ ಪ್ರಶ್ನೆ.

ಈ ಎಣಿಕೆ ಸೋಲುವುದು ಕೊಪ್ಪಳದಂಥ ಸೀಮೆಯಲ್ಲಿ. ಬಂಡೆಗಳ ಸಂದಿನಲ್ಲಿ ಕಾರೆ, ಕವಳಿ, ಜಾಲಿ, ಬಾರಿ ಗಿಡಗಳು, ನಡುವೆ ಮಳೆಗಾಲದಲ್ಲಷ್ಟೇ ಹಸಿರಾಗುವ ಹುಲ್ಲು, ಅದರ ಮೇಲೆ ಕುರಿಹಿಂಡು, ಹಿಂಡಿನ ಹಿಂದೆ ತೋಳ: ಇಲ್ಲಿ ಕಾಡೆಂದರೆ ಇದು. ದಿಮ್ಮಿಯೇ ಇಲ್ಲದ ಈ ನೆಲಕ್ಕೆ ಮರಗಳ್ಳನ ಭಯವಿಲ್ಲ; ಭಯವಿರುವುದು ಕಲ್ಲು ಗಣಿಗಾರಿಕೆಯಿಂದ, ಪಾಳುಭೂಮಿ ಎಂಬ ಹಣೆಪಟ್ಟಿಯಿಂದ, ಕುಷ್ಟಗಿ ಮತ್ತು ಯಲಬುರ್ಗಾ ಕಡೆ ಎದ್ದಿರುವ ಗಾಳಿಯಂತ್ರಗಳ ರಸ್ತೆಗಳಿಂದ. ಗಂಗಾವತಿ ತಾಲ್ಲೂಕಿನ ಬಂಕಾಪುರದ ಸುಮಾರು 332 ಹೆಕ್ಟೇರ್ ಕುರುಚಲು ನೆಲ ತೋಳಧಾಮವಾಗಿ ಘೋಷಣೆಯಾದದ್ದು ಮೆಚ್ಚತಕ್ಕದ್ದಾದರೂ, ಅದಕ್ಕೆ ನೆರವಾದದ್ದು ಅಲ್ಲಿನ ಮರಗಳಲ್ಲ, ಪ್ರಾಣಿ. ತೋಳವಿಲ್ಲದ ಗುಡ್ಡಕ್ಕೆ ಅಂಥ ವಕಾಲತ್ತು ವಹಿಸುವವರಿಲ್ಲ.

2023ರ ತಿದ್ದುಪಡಿಯು ಕಾಯ್ದೆಯನ್ನು ಮುಖ್ಯವಾಗಿ ಅಧಿಸೂಚಿತ ಹಾಗೂ ಸರ್ಕಾರಿ ದಾಖಲೆಯಲ್ಲಿರುವ ಅರಣ್ಯಕ್ಕೆ ಸೀಮಿತಗೊಳಿಸಿದ ಮೇಲೆ ಈ ದೋಷ ಇನ್ನಷ್ಟು ಗಂಭೀರವಾಗಿದೆ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಸದ್ಯಕ್ಕೆ 1996ರ ಅರ್ಥವನ್ನೇ ಪಾಲಿಸುವಂತೆ ರಾಜ್ಯಗಳಿಗೆ ಸೂಚಿಸಿದೆ. ಈ ಅವಕಾಶವಿರುವಾಗಲೇ ಅರಣ್ಯ ಮತ್ತು ಕಂದಾಯ ಇಲಾಖೆಗಳು ಕೊಪ್ಪಳ ಜಿಲ್ಲೆಯ ಎಲ್ಲ ತಾಲ್ಲೂಕುಗಳ ಗುಡ್ಡ, ಗಾಯರಾಣಗಳನ್ನು ಕುರಿಗಾರರನ್ನು ಜೊತೆಗಿಟ್ಟುಕೊಂಡು, ಮರದ ಲೆಕ್ಕ ಬಿಟ್ಟು, ಹುಲ್ಲು ಮತ್ತು ಕುರುಚಲಿನ ಲೆಕ್ಕದಲ್ಲಿ ಮರುಸಮೀಕ್ಷೆ ಮಾಡಬೇಕು.