ಗುಳಿಗೆ ಬಾಯಿ ತೆರೆದದ್ದು ಎಲ್ಲಿ?

ಕರುಳಿನ ಬ್ಯಾಕ್ಟೀರಿಯಾಗಳ ಮಾದರಿಯನ್ನು ಒಳಗಿನಿಂದಲೇ ಹೊತ್ತು ತರುವ ನುಂಗುವ ಗುಳಿಗೆಗೆ 2023ರಲ್ಲಿ ‘ನೇಚರ್’ ಪತ್ರಿಕೆಯ ಪ್ರಬಂಧವೊಂದು ದೊಡ್ಡ ಹೆಸರು ತಂದುಕೊಟ್ಟಿತು. ಅಮೆರಿಕದ ಡಾರಿ ಶಾಲೋನ್, ಕೆ. ಸಿ. ಹುವಾಂಗ್ ಮತ್ತು ಸಂಗಡಿಗರು 15 ಮಂದಿ ಆರೋಗ್ಯವಂತರಿಂದ 240 ಮಾದರಿ ಸಂಗ್ರಹಿಸಿ, ಕರುಳಿನೊಳಗಿನ ಜೀವಿಗಳೂ ಪಿತ್ತಾಮ್ಲಗಳೂ ಮಲದಲ್ಲಿ ಕಾಣುವುದಕ್ಕಿಂತ ಬಹಳ ಬೇರೆ ಎಂದು ತೋರಿಸಿದರು. ಕೆಲಸ ಗಟ್ಟಿಯಾದದ್ದೇ. ಆದರೆ ಅದರ ಸುತ್ತ ಬೆಳೆದ ಹೊಗಳಿಕೆ ಬೇರೆಯದು: ಹೊಟ್ಟೆಯೊಳಗೆ ಓಡಾಡಿ, ಬೇಕಾದಲ್ಲಿ ನಿಂತು, ಬೇಕಾದ್ದನ್ನು ಹೆಕ್ಕಿ ತರುವ ರೋಬೋಟ್ ಬಂತು, ಇನ್ನು ಮಲಪರೀಕ್ಷೆಯ ಕಾಲ ಮುಗಿಯಿತು ಎಂಬ ಧಾಟಿಯದು. ಕರುಳಿನ ಇಂಥ ಜಾಗದ ಮಾದರಿ ಇದು ಎಂದು ಖಚಿತವಾಗಿ ಹೇಳಬಲ್ಲದು ಎಂಬುದೇ ಈ ಗುಳಿಗೆಗೆ ಸಿಗುತ್ತಿರುವ ಮುಖ್ಯ ಪ್ರಶಂಸೆ. ಅದು ಅತ್ಯಂತ ದುರ್ಬಲವಾಗಿರುವುದೂ ಅಲ್ಲಿಯೇ.

ಅದು ಕೆಲಸ ಮಾಡುವ ಬಗೆಯನ್ನೇ ನೋಡೋಣ. ಜಾಗ ಕಂಡುಹಿಡಿಯುವ ಕಣ್ಣಾಗಲಿ, ನಡೆದಾಡುವ ಮೋಟರಾಗಲಿ ಅದಕ್ಕಿಲ್ಲ. ಮಡಚಿಟ್ಟ ಪುಟ್ಟ ಚೀಲ, ಅದಕ್ಕೊಂದು ಒಮ್ಮುಖ ಕವಾಟ, ಹೊರಗೆ ಆಮ್ಲದಲ್ಲಿ ಕರಗದ ಲೇಪ, ಇಷ್ಟೇ. ಜಠರ ದಾಟಿದ ಮೇಲೆ ಪಿಎಚ್ ಏರುತ್ತದೆ, ಅಂದರೆ ಆಮ್ಲೀಯತೆ ಇಳಿಯುತ್ತದೆ. ಗೊತ್ತುಪಡಿಸಿದ ಮಟ್ಟ ಮುಟ್ಟಿದಾಗ ಲೇಪ ಕರಗಿ, ಚೀಲ ಬಿಚ್ಚಿಕೊಂಡು ಸುತ್ತಲಿನ ದ್ರವವನ್ನು ಹೀರುತ್ತದೆ. ಹಿಡಿಯುವುದು ಹೆಚ್ಚೆಂದರೆ 0.4 ಮಿಲಿಲೀಟರ್. ಲೇಪವನ್ನು ಬದಲಿಸಿ ನಾಲ್ಕು ಬಗೆಯ ಗುಳಿಗೆ ನುಂಗಿಸಿದರೆ ನಾಲ್ಕು ಕಡೆಯ ಮಾದರಿ ಸಿಗುತ್ತದೆ ಎಂಬುದು ಲೆಕ್ಕ. ಉಪಾಯ ಜಾಣತನದ್ದು. ಆದರೆ ಗುಳಿಗೆಗೆ ತಿಳಿಯುವುದು ಪಿಎಚ್, ಹೆಚ್ಚೆಂದರೆ ಕಳೆದ ಹೊತ್ತು. ಜಾಗ ನಾವು ಮಾಡಿಕೊಂಡ ಊಹೆ. ಕಾರವಾರದ ಕಾಳಿ ಹೊಳೆಯಲ್ಲಿ ಕಣ್ಣು ಕಟ್ಟಿಕೊಂಡು ಹೋಗುತ್ತ, ನೀರಿನ ಉಪ್ಪು ನೋಡಿ ಇದು ಕಡಲಂಚಿನ ಸದಾಶಿವಗಡ, ಇದು ಮೇಲಿನ ಕದ್ರಾ ಎಂದಂತೆ: ಬೇಸಿಗೆಯ ಭರತಕ್ಕೆ ಹೊಂದಿದ ಲೆಕ್ಕ ಆಷಾಢದ ನೆರೆಗೆ ಹೊಂದುವುದಿಲ್ಲ. ಸಣ್ಣ ಕರುಳಿನ ಆರಂಭದಲ್ಲಿ ಪಿಎಚ್ ಸುಮಾರು 6, ಕೊನೆಯಲ್ಲಿ 7.5ರ ಹತ್ತಿರ, ದೊಡ್ಡ ಕರುಳಿಗೆ ಇಳಿದೊಡನೆ ಮತ್ತೆ 6ರ ಆಸುಪಾಸಿಗೆ ಬೀಳುತ್ತದೆ. ಅಂದರೆ ಒಂದೇ ಅಂಕಿ ಎರಡು ಕಡೆ ಬರುತ್ತದೆ. ಒಬ್ಬರ ಕರುಳಿನ ಪಿಎಚ್ ಏರುವಷ್ಟು ಇನ್ನೊಬ್ಬರದು ಏರದೆಯೂ ಇರಬಹುದು. ‘ಗ್ಯಾಸ್ ಮಾತ್ರೆ’ ಎಂದು ನಮ್ಮಲ್ಲಿ ಮನೆಮನೆಯಲ್ಲೂ ನುಂಗುವ ಪ್ಯಾಂಟೊಪ್ರಜೋಲ್ ಜಠರದ ಆಮ್ಲವನ್ನೇ ತಗ್ಗಿಸುತ್ತದೆ; ಅಂಥವರಲ್ಲಿ ಲೇಪ ಜಠರದಲ್ಲೇ ಸಡಿಲಗೊಳ್ಳುವ ಸಾಧ್ಯತೆಯನ್ನು ಹೇಗೆ ತಳ್ಳಿಹಾಕುವುದು?

ಜಾಗದ ಬಗೆಗಿನ ಈ ಸಂಶಯಕ್ಕೆ ಉತ್ತರವಿಲ್ಲದೆ ಇಲ್ಲ. ಮೊದಲ ಗುಳಿಗೆಯಿಂದ ಕೊನೆಯದರವರೆಗೆ ಪಿತ್ತಾಮ್ಲಗಳು ಕ್ರಮವಾಗಿ ಬದಲಾದವು, ಆದ್ದರಿಂದ ಜಾಗದ ಊಹೆ ಸರಿ ಎನ್ನುತ್ತಾರೆ ಸಂಶೋಧಕರು. ಗುಂಪಿನ ಮಟ್ಟಿಗೆ ಒಪ್ಪೋಣ. ಆದರೆ ಹದಿನೈದು ಜನರ ಸರಾಸರಿಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿದ ಮಾತ್ರಕ್ಕೆ ಒಬ್ಬ ರೋಗಿಯ ಕರುಳಿನ ವಿಳಾಸ ಸಿಕ್ಕಂತಲ್ಲ. ವೈದ್ಯರಿಗೆ ಬೇಕಾದದ್ದು ಈ ಎರಡನೆಯದು. ಟಫ್ಟ್ಸ್ ವಿಶ್ವವಿದ್ಯಾಲಯದ ಸಮೀರ್ ಸೋನ್‌ಕುಸಳೆ ತಂಡದ ಗುಳಿಗೆಯಲ್ಲಿ ಆಯಸ್ಕಾಂತವಿದ್ದು, ಅದನ್ನು ಹೊರಗಿನಿಂದ ಒಂದೆಡೆ ಹಿಡಿದು ನಿಲ್ಲಿಸಬಹುದು ಎಂಬುದು ಇನ್ನೊಂದು ಉತ್ತರ. ದಾರಿ ಸರಿಯಾದದ್ದೇ. ಆದರೆ 2020ರಲ್ಲಿ ಅವರು ವರದಿ ಮಾಡಿದ ಪ್ರಯೋಗ ಪ್ರಾಣಿಗಳ ಮೇಲಿನದು.

ಗುಳಿಗೆಯನ್ನು ಹೊಗಳುವವರಿಗಿಂತ ಅದನ್ನು ತಳ್ಳಿಹಾಕುವ ವಿಮರ್ಶಕರೊಂದಿಗೆ ನನ್ನ ತಕರಾರು ದೊಡ್ಡದು. ಬಡದೇಶಕ್ಕೆ ಇದೆಲ್ಲ ಶೋಕಿ, ಮಲಪರೀಕ್ಷೆ ಸಾಕು ಎಂಬುದು ಅವರ ಮಾತು. ಅವರು ನೆರೆಯ ವೆಲ್ಲೂರಿನ ಕೆಲಸವನ್ನೇ ಮರೆತಿದ್ದಾರೆ. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಆಲ್ಬರ್ಟ್, ಮಥಾನ್, ಬೇಕರ್ ಅವರು 1980ರಲ್ಲಿ ಅದೇ ‘ನೇಚರ್’ನಲ್ಲಿ, ಸಣ್ಣ ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಬಿ12 ವಿಟಮಿನ್ ತಯಾರಿಸಬಲ್ಲವು ಎಂದು ತೋರಿಸಿದರು. ಆರೋಗ್ಯವಾಗಿ ಕಾಣುವ ದಕ್ಷಿಣ ಭಾರತೀಯರ ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವಾಸ ಇನ್ನೂ ವ್ಯಾಪಕ ಎಂಬುದನ್ನೂ ಎತ್ತಿ ಹೇಳಿದರು. ಬಿ12 ಮೈಗೆ ಸೇರುವುದು ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ಅದನ್ನು ದಾಟಿ ದೊಡ್ಡ ಕರುಳಿನಲ್ಲಿ ತಯಾರಾದದ್ದು ಮಲದೊಡನೆ ಹೋಗುತ್ತದೆ. ಹಾಗಿರುವಾಗ ಮಲವನ್ನಷ್ಟೇ ನೋಡಿ ನಮ್ಮ ಕರುಳಿನ ಕಥೆ ಹೇಳುವುದು ಹೇಗೆ? ಮಲ ಬೇರೆ, ಕರುಳು ಬೇರೆ ಎಂಬುದು 2023ರ ಶೋಧವಲ್ಲ; ಕರುಳಿಗೆ ನಳಿಕೆ ಇಳಿಸಿ ಕಷ್ಟಪಟ್ಟ ಹಿಂದಿನವರಿಗೂ ಅದು ಗೊತ್ತಿತ್ತು. ಗುಳಿಗೆಯ ಹೆಚ್ಚುಗಾರಿಕೆ ಆ ಕಷ್ಟವನ್ನು ತಪ್ಪಿಸಿದ್ದರಲ್ಲಿದೆ, ಮತ್ತು ಅದು ಸಣ್ಣದಲ್ಲ.

ಆದರೂ ಗೋವಾ ಗಡಿಯ ಮಾಜಾಳಿಯಲ್ಲಿ ಕುಳಿತು ಇದರ ಬಳಕೆಯನ್ನು ಯೋಚಿಸಿದರೆ ಹೊಗಳಿಕೆ ಬೇಗ ಇಳಿಯುತ್ತದೆ. ಕಷ್ಟದ ಕಾಯಿಲೆಗೆ ಗೋವಾದ ಬಾಂಬೋಳಿಗೋ ಮಣಿಪಾಲಕ್ಕೋ ಓಡಬೇಕಾದ, ಸುಸಜ್ಜಿತ ಆಸ್ಪತ್ರೆಗಾಗಿ 2022ರಲ್ಲಿ ದನಿಯೆತ್ತಿದ ಉತ್ತರ ಕನ್ನಡ ಜಿಲ್ಲೆ ಇದು. ಎಂಡೋಸ್ಕೋಪಿಯ ತಜ್ಞರಿಲ್ಲದೆ ನಡೆಯುವ ಪರೀಕ್ಷೆ ಎಲ್ಲ ಕಡೆಗಿಂತ ಮೊದಲು ಇಲ್ಲಿಗೇ ಬೇಕು. ಆದರೆ ನುಂಗಿದ ಮೇಲೆ ಮಲದಿಂದ ಗುಳಿಗೆಯನ್ನು ಹುಡುಕಿ ತೆಗೆಯಬೇಕು. ಅದು ಹೊರಬರುವ ತನಕ ಒಳಗಿನ ಜೀವಿಗಳು ಮೈಯ ಬಿಸಿಯಲ್ಲೇ ಇರುತ್ತವೆ, ಹೊರಬಂದ ಕೂಡಲೇ ಹೆಪ್ಪುಗಟ್ಟಿಸಬೇಕು. ಮೀನಿಗೆ ಹಾಕುವ ಐಸ್ ಇದಕ್ಕೆ ಸಾಲದು. ಮಳೆಗಾಲದಲ್ಲಿ ಕರೆಂಟ್ ಹೋದರೆ ಫ್ರಿಜ್ಜನ್ನೂ ನಂಬುವಂತಿಲ್ಲ. ಇದಕ್ಕಿಂತ ಗಂಭೀರವಾದ ಮಾತೆಂದರೆ, ಕ್ಷಯದಿಂದಲೋ ಕ್ರೋನ್ಸ್ ಕಾಯಿಲೆಯಿಂದಲೋ ಕರುಳು ಕಿರಿದಾದವರಲ್ಲಿ ನುಂಗಿದ ಗುಳಿಗೆ ಸಿಕ್ಕಿಕೊಳ್ಳಬಹುದು. ಕ್ಯಾಮೆರಾ ಗುಳಿಗೆಗಳ ಅನುಭವ ಇದನ್ನು ಕಲಿಸಿದೆ. ಕರುಳಿನ ಕ್ಷಯ ನಮ್ಮ ದೇಶದಲ್ಲಿ ಅಪರೂಪವಲ್ಲ. ಪರೀಕ್ಷೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅಪಾಯವೂ ಹೆಚ್ಚು.

ಹಾಗಾಗಿ ನನ್ನ ತೀರ್ಮಾನ ಇಷ್ಟು: ಇದು ಸಂಶೋಧಕರ ಕೈಯಲ್ಲಿ ಬೆಲೆಬಾಳುವ ಸಲಕರಣೆ, ರೋಗಿಯ ಕೈಗೆ ಕೊಡುವ ಪರೀಕ್ಷೆ ಇನ್ನೂ ಅಲ್ಲ. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿದೆ, ಮಾಜಾಳಿಯಲ್ಲೇ ಎಂಜಿನಿಯರಿಂಗ್ ಕಾಲೇಜಿದೆ. ಮೀನು, ಕುಚ್ಚಲಕ್ಕಿ ಉಣ್ಣುವ ಇಲ್ಲಿನವರ ಕರುಳಿನಲ್ಲಿ, ಗ್ಯಾಸ್ ಮಾತ್ರೆ ನುಂಗುವವರನ್ನೂ ಸೇರಿಸಿಕೊಂಡು, ಗುಳಿಗೆ ತೆರೆದ ಜಾಗವನ್ನು ಬೇರೆ ವಿಧಾನದಿಂದ ಪರಿಶೀಲಿಸುವ ಅಧ್ಯಯನ ಮೊದಲು ನಡೆಯಲಿ. ಅಲ್ಲಿಯವರೆಗೆ ಕರುಳಿನ ಇಂಥ ಭಾಗದ ವರದಿ ಎಂದು ಯಾರಾದರೂ ಕಾಗದ ಕೈಗಿತ್ತರೆ, ಆ ಭಾಗ ಅದೇ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿಯೇ ದುಡ್ಡು ಕೊಡಿ.