ಹರಾಜಿನ ಆಟ ಮತ್ತು ಪರಿಮಾಣ ವ್ರತ

ಕ್ರೀಡೆಯು ದೋಷವಲ್ಲ, ಪರಿಶ್ರಮದಿಂದ ಗಳಿಸಿದ ಧನವೂ ದೋಷವಲ್ಲ. ಆಟಗಾರನ ಪ್ರಾಯ ಅಲ್ಪಕಾಲದ್ದು ಎಂಬುದೂ ನಿಜ. ಆದರೆ 2024ರ ನವೆಂಬರಿನಲ್ಲಿ ಜೆದ್ದಾ ನಗರದ ಐಪಿಎಲ್ ಹರಾಜಿನಲ್ಲಿ ರಿಷಭ್ ಪಂತ್ ಅವರಿಗೆ 27 ಕೋಟಿ ರೂಪಾಯಿ ಕೂಗಲಾದುದು ವಿಚಾರಾರ್ಹವಾಗಿದೆ.

ಈ ಹಣ ಬರುವುದೆಲ್ಲಿಂದ? 2023ರಿಂದ 2027ರವರೆಗಿನ ಪ್ರಸಾರದ ಹಕ್ಕುಗಳು 48,390 ಕೋಟಿಗೆ ಮಾರಾಟವಾದವು. ಪ್ರಸಾರಕರಿಗೆ ಜಾಹೀರಾತು ಬೇಕು, ಜಾಹೀರಾತಿಗೆ ನೋಡುಗರು ಬೇಕು. ಗಿರಾಕಿಯಿಲ್ಲದೆ ದರವೇರದೆಂಬುದನ್ನು ಶಹಾಬಾದಿನ ಪರಸಿಕಲ್ಲಿನ ವರ್ತಕನೂ ಬಲ್ಲನು. ಕೂಗುವವರು ತಂಡದ ಒಡೆಯರು. ತೆರುವವರು ವಾಡಿ, ಚಿತ್ತಾಪುರ, ಚಿಂಚೋಳಿಗಳ ಮನೆಗಳಲ್ಲಿ ಕುಳಿತ ನೋಡುಗರು.

ಜೈನಧರ್ಮವು ಬಾಹ್ಯ ಪರಿಗ್ರಹಗಳನ್ನು ಹತ್ತೆಂದೂ ಅಂತರಂಗದವನ್ನು ಹದಿನಾಲ್ಕೆಂದೂ ಎಣಿಸಿದೆ. ರತಿಯು ಎರಡನೆಯ ಗಣನೆಗೆ ಸೇರಿದುದು. ಕೋಟಿಯು ಆಟಗಾರನ ಪರಿಗ್ರಹವಾದರೆ, ಮೋಹವು ನೋಡುಗನ ಪರಿಗ್ರಹ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ತೆತ್ತರು. ವ್ಯವಸ್ಥೆಯ ಲೋಪವನ್ನು ವಿಚಾರಿಸುವುದು ಸರ್ಕಾರದ ಹೊಣೆ. ಮೋಹದ ಲೋಪವನ್ನು ವಿಚಾರಿಸುವುದು ಪ್ರತಿ ಮನೆಯ ಹೊಣೆ.

ಸೇಡಂ ತಾಲ್ಲೂಕಿನ ಮಳಖೇಡವೇ ಅಂದಿನ ಮಾನ್ಯಖೇಟ. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನು ವಿವೇಕದಿಂದ ರಾಜ್ಯವನ್ನೇ ತ್ಯಜಿಸಿದನೆಂದು ಪ್ರಶ್ನೋತ್ತರ ರತ್ನಮಾಲಿಕೆ ತಿಳಿಸುತ್ತದೆ. ಗೃಹಸ್ಥನಿಂದ ಧರ್ಮವು ಅಷ್ಟನ್ನು ಕೇಳುವುದಿಲ್ಲ. ಮಿತಿಯನ್ನು ಮಾತ್ರ ಕೇಳುತ್ತದೆ. ರಾತ್ರಿ ಏಳೂವರೆಗೆ ಆರಂಭವಾಗುವ ಪಂದ್ಯವು ಮೂರು ಗಂಟೆಗೂ ಮಿಕ್ಕಿ ನಡೆಯುತ್ತದೆ. ಒಂದು ಸಾಮಾಯಿಕಕ್ಕೆ 48 ನಿಮಿಷಗಳು ಸಾಕು. ಮಕ್ಕಳು ಬಯಲಿನಲ್ಲಿ ಆಡಲಿ. ಬಸದಿಯ ಟ್ರಸ್ಟುಗಳು ಅವರಿಗೆ ಚೆಂಡು ದಾಂಡುಗಳನ್ನೂ ಕೊಡಿಸಲಿ. ಆದರೆ ಹಣದ ಲೆಕ್ಕವಿಡುವ ಮನೆಗಳು ಸಮಯದ ಲೆಕ್ಕವನ್ನೂ ಇಡಲಿ.