ಆ ಇಪ್ಪತ್ತೊಂದು ದಿನ

ಹೊಸದಾಗಿ ಜಿಮ್ಮಿಗೆ ಸೇರಿದವನಿಗೆ ಸಿಗುವ ಮೊದಲ ಉಪದೇಶ ಯಾವುದು ಹೇಳಿ? ‘21 ದಿನ ಬಿಡದೆ ಮಾಡು, ಮತ್ತೆ ತನ್ನಷ್ಟಕ್ಕೇ ಅಭ್ಯಾಸ ಆಗ್ತದೆ.’ ವಾಟ್ಸಾಪಿನಲ್ಲಿ ಅದೇ, ರೀಲ್ಸಿನಲ್ಲಿ ಅದೇ. ಮಾತು ಕೇಳಲಿಕ್ಕೆ ಚಂದ. ಆದರೆ ಇಷ್ಟೊಂದು ಹುಡುಗರನ್ನು ಜಿಮ್ಮಿನಿಂದ ಮನೆಗೆ ಕಳಿಸಿದ ಮಾತು ಇನ್ನೊಂದಿಲ್ಲ ಅಂತ ನನ್ನ ತಕರಾರು.

ಈ 21 ಎಲ್ಲಿಂದ ಬಂತು? ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ‘ಸೈಕೋ-ಸೈಬರ್ನೆಟಿಕ್ಸ್’ ಅಂತ ಒಂದು ಪುಸ್ತಕ ಬರೆದರು. ಆಪರೇಶನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗಲು ಕನಿಷ್ಠ 21 ದಿನ ಬೇಕಾಗ್ತದೆ ಎಂದು ಅವರು ಗಮನಿಸಿದ್ದರು. ಬಾಯಿಂದ ಬಾಯಿಗೆ ಬರುವಾಗ ‘ಕನಿಷ್ಠ’ ಉದುರಿತು, ಮೂಗಿನ ಜಾಗಕ್ಕೆ ಡಂಬೆಲ್ ಬಂತು!

ಸರಿಯಾಗಿ ಅಳೆದು ನೋಡಿದ್ದು ಲಂಡನ್ನಿನ ಯುನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು; 2010ರಲ್ಲಿ ಅಚ್ಚಾಯಿತು. 96 ಜನ ಒಂದೊಂದು ಹೊಸ ಕೆಲಸವನ್ನು ದಿನಾ ಒಂದೇ ಸಂದರ್ಭದಲ್ಲಿ, 84 ದಿನ ಮಾಡಿದರು. ಅಭ್ಯಾಸ ಕೂರಲಿಕ್ಕೆ ಬೇಕಾದದ್ದು ಸುಮಾರು 66 ದಿನ. ಕೆಲವರಿಗೆ 18, ಇನ್ನು ಕೆಲವರಿಗೆ ಲೆಕ್ಕ ಮುಂದೆ ಎಳೆದರೆ 254. ನೀರು ಕುಡಿಯುವಂಥದ್ದು ಬೇಗ ಬಂತು, ವ್ಯಾಯಾಮ ನಿಧಾನ. ಈಗ ಆ 66ನ್ನೇ ಮಂತ್ರ ಮಾಡಿಕೊಂಡವರೂ ಇದ್ದಾರೆ, ಅದು ಬೇರೆ ಕತೆ. ನನಗೆ ಮುಖ್ಯ ಅನಿಸಿದ್ದು ಅದರಲ್ಲಿನ ಇನ್ನೊಂದು ಸಂಗತಿ: ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟ ಏನೂ ಆಗಲಿಲ್ಲ.

ತೆಕ್ಕಟ್ಟೆಯಂಥ ಊರಲ್ಲಿ ‘ಬಿಡದೆ’ ಎಂಬ ಶಬ್ದವೇ ಅಪಾಯ ಮಾರಾಯ್ರೆ. ನವೆಂಬರಿನಿಂದ ಮೇ ತನಕ ಮೇಳಗಳ ತಿರುಗಾಟ. ಬೆಳಗಿನವರೆಗೆ ಆಟ ನೋಡಿ ಬಂದವನು ಆರು ಗಂಟೆಗೆ ಸ್ಕ್ವಾಟ್ ಹೊಡೆಯುವುದುಂಟಾ? ಮಲಗ್ತಾನೆ. ಮಲಗಲಿ, ಅದು ತಪ್ಪಲ್ಲ. ಆದರೆ ಅವನ ತಲೆಯಲ್ಲಿ ಲೆಕ್ಕ ಮುರಿಯಿತು, ಮತ್ತೆ ಒಂದರಿಂದ ಶುರು. ಮರುದಿನ ‘ನಾಳೆ ಕಾಂಬ’. ಆ ನಾಳೆ ಮಳೆಗಾಲ ಕಳೆದರೂ ಬರುವುದಿಲ್ಲ. 22ನೇ ದಿನಕ್ಕೂ ಏಳಲಿಕ್ಕೆ ಕಷ್ಟವಾದರೆ ತನ್ನಲ್ಲೇ ಏನೋ ಐಬು ಅಂದುಕೊಳ್ತಾನೆ. ಐಬು ಇರುವುದು ಆ ಮಾತಿನಲ್ಲಿ.

ಸ್ಫೂರ್ತಿಗೆ ಅಂತ ನಾವೆಲ್ಲ ವಂಡ್ಸೆ ಕಡೆಯ ಗುರುರಾಜ ಪೂಜಾರಿಯವರ ಹೆಸರು ಹೇಳ್ತೇವೆ. ಹೇಳಬೇಕಾದದ್ದೇ. ಆದರೆ ಪದಕದ ಫೋಟೋ ತೋರಿಸಿ ಅಷ್ಟಕ್ಕೇ ನಿಲ್ಲಿಸ್ತೇವೆ. ಕುಸ್ತಿಯ ಆಸೆ ಇದ್ದ ಹುಡುಗ ಉಜಿರೆಯ ಕಾಲೇಜಿನಲ್ಲಿ 2010ರಲ್ಲಿ ಭಾರ ಎತ್ತಲು ತೊಡಗಿದ್ದು. ಕಾಮನ್‌ವೆಲ್ತ್ ಬೆಳ್ಳಿ ಬಂದದ್ದು 2018ರಲ್ಲಿ, ಗೋಲ್ಡ್ ಕೋಸ್ಟ್‌ನಲ್ಲಿ. ಅಲ್ಲಿ ಎರಡು ಬಗೆಯ ಎತ್ತುವಿಕೆ ಸೇರಿ 249 ಕೆ.ಜಿ. ನಾಲ್ಕು ವರ್ಷದ ನಂತರ ಬರ್ಮಿಂಗ್‌ಹ್ಯಾಮ್‌ನಲ್ಲಿ 269, ಕಂಚು. ದೇಹತೂಕದ ವಿಭಾಗ 56ರಿಂದ 61ಕ್ಕೆ ಏರಿತ್ತು, ನೇರ ಹೋಲಿಕೆ ಸಲ್ಲ. ಆದರೂ ನಾಲ್ಕು ವರ್ಷಕ್ಕೆ 20 ಕೆ.ಜಿ. ನಮ್ಮ ಹೊಸಬ ಎರಡನೇ ವಾರಕ್ಕೇ ಅಷ್ಟನ್ನು ಬಾರ್‌ಗೆ ಸೇರಿಸಿ, ಸೊಂಟ ಹಿಡಿದುಕೊಂಡು ಕೂತಿರ್ತಾನೆ.

ಹಾಗಾದ್ರೆ ಎಂತ ಮಾಡೂದು? ದಿನ ಎಣಿಸುವುದು ಬಿಟ್ಟು, ಈಗಾಗಲೇ ತಪ್ಪದೆ ನಡೆಯುವ ಕೆಲಸವೊಂದಕ್ಕೆ ವ್ಯಾಯಾಮವನ್ನು ಗಂಟು ಹಾಕಿ. ಡೈರಿಗೆ ಹಾಲು ಕೊಟ್ಟು ಬರುವವರಾದರೆ ಕ್ಯಾನು ಇಟ್ಟ ಕೂಡಲೇ ಹೊರಡಿ. ವಾರಕ್ಕೆ ಎರಡೋ ಮೂರೋ ದಿನ ಸಾಕು. ಮೊದಲ ತಿಂಗಳು ‘ಇನ್ನೂ ಸ್ವಲ್ಪ ಮಾಡಬಹುದಿತ್ತು’ ಅನಿಸುವಾಗಲೇ ನಿಲ್ಲಿಸಿ. ಹೈವೇಯಲ್ಲಿ ಬೈಕ್ ಓಡಿಸಲಾಗದ ಮಳೆ ಬಂದರೆ ಅದೇ ಹೊತ್ತಿಗೆ ಚಾವಡಿಯಲ್ಲಿ ಇಪ್ಪತ್ತು ಬಸ್ಕಿ, ಹತ್ತು ದಂಡ. ಹೊತ್ತು ಉಳಿಯಬೇಕು, ಜಾಗ ಬದಲಾದರೆ ಚಿಂತೆಯಿಲ್ಲ.

ಮತ್ತೆ ಫೀಸು. ‘ವರ್ಷದ್ದು ಒಟ್ಟಿಗೆ ಕಟ್ಟಿದ್ರೆ ಹೋಗದೆ ಇರ್ಲಿಕ್ಕಾಗೂದಿಲ್ಲ’ ಅನ್ನುವವರಿದ್ದಾರೆ. ಅಮೆರಿಕದ ಮೂರು ಜಿಮ್ಮುಗಳ 7,752 ಸದಸ್ಯರ ಲೆಕ್ಕ ತೆಗೆದ ಅಧ್ಯಯನವೊಂದು 2006ರಲ್ಲಿ ಬಂದಿತ್ತು. 70 ಡಾಲರಿಗೂ ಹೆಚ್ಚಿನ ತಿಂಗಳ ಫೀಸು ಕಟ್ಟುತ್ತಿದ್ದವರು ತಿಂಗಳಿಗೆ ಹೋದದ್ದು ಸರಾಸರಿ 4.3 ಸಲ. ಒಂದು ಭೇಟಿಗೆ 17 ಡಾಲರಿಗೂ ಮೇಲೆ ಬಿತ್ತು. 10 ಡಾಲರಿನ ಪಾಸು ಅಲ್ಲೇ ಸಿಗ್ತಿತ್ತು. ಅದಕ್ಕೇ ಹೇಳೂದು, ಒಂದು ತಿಂಗಳದ್ದು ಮಾತ್ರ ಕಟ್ಟಿ ನೋಡಿ. ಜನವರಿಯಲ್ಲಿ ಬೇಡ, ಜೂನ್‌ನಲ್ಲಿ.